ಸಂಜೆ ಹೊತ್ತು ಕಡಲ ದಂಡೆಯಿಂದ ಗಾಳ ಹಾಕುವುದು

ಕತ್ತಲಾದ ಮೇಲೆ ದಂಡೆಗೆ ಬಂದು, ತೋಳಿನ ಬಲವೆಲ್ಲ ಹಾಕಿ ದೂರ ಎಸೆದು ಕೂತವರು ಹೆಚ್ಚಾಗಿ ಬರಿಗೈಲಿ ಎದ್ದು ಹೋಗುತ್ತಾರೆ. ಜಾಗವನ್ನು ಬೆಳಕಿರುವಾಗಲೇ ನೋಡಿಕೊಳ್ಳಬೇಕು, ಅದೂ ಇಳಿತ ಪೂರ್ತಿಯಾದಾಗ. ದಂಡೆಯ ಉದ್ದಕ್ಕೆ ಸಾಗುವ ತಗ್ಗುಗಳು, ಆಚೆಗಿನ ಮರಳ ದಿಬ್ಬ, ದಿಬ್ಬ ಕೊರೆದು ನೀರು ವಾಪಸಾಗುವ ಕಂಡಿ ಎಲ್ಲವೂ ಆಗ ಬಯಲಾಗಿರುತ್ತವೆ. ನೀರು ಏರಿದ ಮೇಲೆ ಮೀನು ತಿರುಗಾಡುವುದು ಇಲ್ಲೇ. ಅಲೆ ಮರಳು ಕೆದಕಿ ಎಬ್ಬಿಸಿದ ಹುಳ, ಏಡಿಮರಿಗಳು ಬಂದು ಬೀಳುವುದೂ ಇಲ್ಲೇ. ಇಳಿತಕ್ಕೆ ಹೋಗಲಾಗದಿದ್ದರೆ ಅಲೆ ನೋಡಿ ತಿಳಿಯಿರಿ: ನೊರೆಯೆದ್ದು ಒಡೆಯುವಲ್ಲಿ ದಿಬ್ಬ, ಒಡೆಯದೆ ಕಪ್ಪಗೆ ಕಾಣುವಲ್ಲಿ ಆಳ. ಎಷ್ಟೋ ದಂಡೆಗಳಲ್ಲಿ ಮೊದಲ ತಗ್ಗು 30-40 ಮೀಟರಿನೊಳಗೇ ಇರುತ್ತದೆ. ಅಲ್ಲಿ 100 ಮೀಟರ್ ಎಸೆದರೆ ಎರೆ ಮೀನಿನ ನೆತ್ತಿ ದಾಟಿ ಹೋಯಿತು ಅಂತಲೇ ಲೆಕ್ಕ. ಕಂಡಿಯ ಹತ್ತಿರ ಮಾತ್ರ ನೀರಿಗೆ ಇಳಿಯಬೇಡಿ, ಸೆಳೆತ ಕಾಲು ಕೀಳುತ್ತದೆ.

ಉಬ್ಬರ ತುಂಬುವ ಹೊತ್ತು ಮುಸ್ಸಂಜೆಗೆ ಕೂಡಿ ಬರುವ ದಿನ ಆರಿಸಿಕೊಳ್ಳಿ. ತುಂಬುವುದಕ್ಕೆ ಎರಡು ಗಂಟೆ ಮೊದಲಿನಿಂದ ತುಂಬಿ ಒಂದು ಗಂಟೆಯವರೆಗೆ ಒಳ್ಳೆಯ ಸಮಯ. ದಿನಕ್ಕೆರಡು ಉಬ್ಬರವಿರುವ ಕಡಲಲ್ಲಿ ಅದು ದಿನಾ ಸುಮಾರು 50 ನಿಮಿಷ ತಡವಾಗುತ್ತದೆ, ಇವತ್ತು 5.30ಕ್ಕೆ ತುಂಬಿದರೆ ನಾಳೆ 6.20ರ ಸುಮಾರಿಗೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಉಬ್ಬರ ದೊಡ್ಡದು, ಸೆಳೆತವೂ ಜೋರು. ಅಷ್ಟಮಿ ಹೊತ್ತಿಗೆ ಎರಡೂ ಮಂದ.

12-13 ಅಡಿಯ, 100-150 ಗ್ರಾಂ ಎಸೆಯಬಲ್ಲ ಕೋಲು, 5000-6000 ಅಳತೆಯ ರೀಲ್, ಅದರ ಮೇಲೆ 0.35 ಮಿ.ಮೀ. ನೈಲಾನ್ ದಾರ 200 ಮೀಟರ್ ಸಾಕು. ತುದಿಗೆ ದಪ್ಪ ದಾರದ ಲೀಡರ್ ಬೇಕೇ ಬೇಕು. ಎಸೆತದ ಜಗ್ಗಿಗೆ ತೆಳು ದಾರ ಕಡಿದುಹೋದರೆ ತುದಿಗೆ ಕಟ್ಟಿದ ಸೀಸದ ತೂಕ ಗುಂಡಿನಂತೆ ಹಾರುತ್ತದೆ, ಪಕ್ಕದಲ್ಲಿದ್ದವರ ತಲೆಗೇ ಬಡಿದೀತು. ಲೆಕ್ಕ ಸುಲಭ: ಪ್ರತಿ 28 ಗ್ರಾಂ ಸೀಸಕ್ಕೆ 4.5 ಕೆ.ಜಿ. ತಾಳಿಕೆ, ಅಂದರೆ 112 ಗ್ರಾಂ ಸೀಸಕ್ಕೆ ಕನಿಷ್ಠ 18 ಕೆ.ಜಿ. ಲೀಡರಿನ ಉದ್ದ ಕೋಲಿನ ಎರಡರಷ್ಟಿರಲಿ. ಎಸೆಯಲು ನಿಂತಾಗ ರೀಲಿನ ಮೇಲೆ ಲೀಡರಿನ ಆರು ಸುತ್ತು ಇನ್ನೂ ಉಳಿದಿರಬೇಕು. ಗಂಟು ಬಿಗಿಯುವ ಮುನ್ನ ಎಂಜಲು ಹಚ್ಚಿ. ಒಣ ನೈಲಾನ್ ಉಜ್ಜಿ ಬಿಸಿಯಾದರೆ ಗಂಟಲ್ಲೇ ಸೋಲುತ್ತದೆ.

ಸೀಸ ಕೆಳಗೆ, ಅದರ ಮೇಲೆ 30 ಸೆಂ.ಮೀ. ಉದ್ದದ ಒಂದೋ ಎರಡೋ ಕವಲು ದಾರ, 1 ಅಥವಾ 1/0 ನಂಬರಿನ ಗಾಳ. ಎರಡಕ್ಕಿಂತ ಹೆಚ್ಚು ಗಾಳ ಕತ್ತಲಲ್ಲಿ ಬರೀ ತೊಡಕು.

ಎರೆ ಕಟ್ಟುವುದರಲ್ಲಿ ಆತುರ ಬೇಡ. ಸಿಗಡಿ, ಬೂತಾಯಿ ಮೆತ್ತಗಿರುತ್ತವೆ. ಸುಮ್ಮನೆ ಚುಚ್ಚಿದರೆ ಎಸೆದಾಗಲೇ ಕಳಚಿ ಹಾರುತ್ತವೆ. ಸಿಗಡಿಯನ್ನು ಬಾಲದ ಕಡೆಯಿಂದ ಗಾಳದ ಬಾಗಿಗೆ ಒಪ್ಪುವಂತೆ ಪೋಣಿಸಿ, ತೆಳು ಎಲಾಸ್ಟಿಕ್ ದಾರವನ್ನು ಎಳೆದೆಳೆದು ಎಂಟು ಹತ್ತು ಸುತ್ತು ಹಾಕಿ ಕಿತ್ತುಬಿಡಿ. ಗಂಟು ಬೇಡ, ತನ್ನಷ್ಟಕ್ಕೆ ಕಚ್ಚಿಕೊಳ್ಳುತ್ತದೆ. ಗಾಳದ ಮೊನೆ ಮಾತ್ರ ಹೊರಗಿರಲಿ: ಮಾಂಸದೊಳಗೆ ಹೂತ ಮೊನೆ ಮೀನಿನ ಬಾಯಿಗೆ ನಾಟುವುದಿಲ್ಲ. ಐದೇ ನಿಮಿಷಕ್ಕೆ ಗಾಳ ಬೋಳಾಗಿ ಬಂದರೆ ಅದು ಏಡಿಗಳ ಕೆಲಸ. ಗಟ್ಟಿಯಾದ ಬೊಂಡಾಸಿನ (ಸ್ಕ್ವಿಡ್) ಪಟ್ಟಿ ಕಟ್ಟಿ ನೋಡಿ, ಇಲ್ಲವೇ ಇಪ್ಪತ್ತು ಹೆಜ್ಜೆ ಜರುಗಿ.

ಎಸೆಯುವ ಮುನ್ನ ಹಿಂದೆ ತಿರುಗಿ ನೋಡಿ, ಪ್ರತಿಸಲವೂ. ಸೀಸ ಕೋಲಿನ ತುದಿಯಿಂದ ಸುಮಾರು ಒಂದು ಮೀಟರ್ ಇಳಿಬಿದ್ದಿರಲಿ, ದಾರ ಹಿಡಿದ ಬೆರಳಿಗೆ ಚರ್ಮದ ಕವಚವಿರಲಿ. ಮೇಲಿನ ಕೈ ತಳ್ಳಬೇಕು, ಕೆಳಗಿನ ಕೈ ಎದೆಗೆ ಎಳೆಯಬೇಕು. ವೇಗ ನಿಧಾನವಾಗಿ ಏರಲಿ. ಒಮ್ಮೆಲೇ ಕುಕ್ಕಿದರೆ ಎರೆ ಒಂದು ಕಡೆ, ಸೀಸ ಒಂದು ಕಡೆ. ಸೀಸ ತಳ ಮುಟ್ಟಿದ ಮೇಲೆ ದಾರ ಬಿಗಿದು, ಕೋಲನ್ನು ಸ್ಟ್ಯಾಂಡಿನಲ್ಲಿ ಎತ್ತರಕ್ಕೆ ನಿಲ್ಲಿಸಿ. ದಾರ ಹತ್ತಿರದ ನೊರೆಗೆ ತಾಗಬಾರದು. ಸೆಳೆತಕ್ಕೆ ಸೀಸ ಪಕ್ಕಕ್ಕೆ ಉರುಳುತ್ತಿದ್ದರೆ ತಂತಿಯ ಕಾಲುಗಳಿರುವ ಸೀಸ ಹಾಕಿ, ಮರಳನ್ನು ಹಿಡಿದುಕೊಳ್ಳುತ್ತದೆ.

ಅಲೆಗೆ ಕೋಲಿನ ತುದಿ ನಿಧಾನಕ್ಕೆ ಬಾಗಿ ಏಳುತ್ತದೆ, ಮೀನು ಮುಟ್ಟಿದರೆ ಟಕಟಕ ಎಂದು ಎರಡು ಮೂರು ಸಲ ಅದುರುತ್ತದೆ. ದಾರ ಇದ್ದಕ್ಕಿದ್ದಂತೆ ಸಡಿಲವಾದರೆ ಹೋಯಿತೆಂದುಕೊಳ್ಳಬೇಡಿ. ಮೀನು ಸೀಸ ಕಿತ್ತುಕೊಂಡು ನಿಮ್ಮ ಕಡೆಗೇ ಬರುತ್ತಿರಬಹುದು. ಬಿಗಿಯಾಗುವ ತನಕ ಬೇಗ ಸುತ್ತಿ. ಏನೂ ಆಗದಿದ್ದರೆ 15-20 ನಿಮಿಷಕ್ಕೆ ಎರೆ ಬದಲಿಸಿ. ವಾಸನೆ ತೊಳೆದುಹೋದ ಎರೆ ಇದ್ದೂ ಇಲ್ಲದಂತೆ.

ಹಿಡಿದ ಮೀನು ತಪ್ಪುವುದು ಹೆಚ್ಚಾಗಿ ಕೊನೆಯ ಐದು ಮೀಟರಿನಲ್ಲಿ. ಅಲೆ ಒಳಗೆ ಬರುವಾಗ ಅದರ ಜೊತೆ ಸುತ್ತಿ, ಹಿಂದೆ ಸರಿಯುವಾಗ ಸುತ್ತುವುದು ನಿಲ್ಲಿಸಿ. ಜಗ್ಗು ಜಾಸ್ತಿಯಾದರೆ ಡ್ರ್ಯಾಗ್ (ರೀಲಿನಲ್ಲಿ ದಾರದ ಬಿಗಿ ಹೊಂದಿಸುವ ಬ್ರೇಕ್) ದಾರ ಬಿಡಲಿ. ಮುಂದಿನ ಅಲೆ ಮೀನನ್ನು ತಂದು ಮರಳಿಗೆ ಹಾಕುತ್ತದೆ.

ಏನು ಬಂತೆಂದು ಟಾರ್ಚ್ ಬಿಟ್ಟು ನೋಡಿದ ಮೇಲೇ ಕೈ ಹಾಕಿ. ತೊರಕೆಯ (ಸ್ಟಿಂಗ್‌ರೇ) ಬಾಲದಲ್ಲಿ, ಮೀಸೆ ಮೀನಿನ ಬೆನ್ನು ಮತ್ತು ಎರಡೂ ಪಕ್ಕೆಯ ರೆಕ್ಕೆಗಳಲ್ಲಿ ವಿಷದ ಮುಳ್ಳಿರುತ್ತದೆ. ಚುಚ್ಚಿದರೆ ಆ ಜಾಗವನ್ನು ತಾಳಬಹುದಾದಷ್ಟು ಬಿಸಿ ನೀರಲ್ಲಿ 30ರಿಂದ 90 ನಿಮಿಷ ಅದ್ದಿಡಿ. ಬಿಸಿಯನ್ನು ಚುಚ್ಚದ ಕೈಯಲ್ಲಿ ಪರೀಕ್ಷಿಸಿ. ಆಮೇಲೆ ವೈದ್ಯರಿಗೆ ತೋರಿಸಿ.

ಮನೆಗೆ ಬಂದು ಡ್ರ್ಯಾಗ್ ಬಿಗಿದು, ರೀಲನ್ನು ಸಿಹಿನೀರಲ್ಲಿ ಮೆಲ್ಲಗೆ ತೊಳೆಯಿರಿ; ಪೈಪಿನ ರಭಸ ಉಪ್ಪನ್ನು ಒಳಗೇ ನುಗ್ಗಿಸುತ್ತದೆ. ಒಣಗಿದ ಮೇಲೆ ಡ್ರ್ಯಾಗ್ ಸಡಿಲಿಸಿಡಿ. ಲೀಡರನ್ನು ಬೆರಳ ಸಂದಿಯಲ್ಲಿ ಎಳೆದು ನೋಡಿ, ಒರಟು ಸಿಕ್ಕಿದರೆ ಮುಲಾಜಿಲ್ಲದೆ ಬದಲಿಸಿ.