ಏರ್ ರೈಫಲ್, ಏರ್ ಪಿಸ್ತೂಲ್: ನಾನು ಆರಿಸಿದ ರೀತಿ, ಹದ ಮಾಡಿದ ರೀತಿ

ಏರ್ ರೈಫಲ್ ಕೊಳ್ಳಲು ಹೊರಟವರ ಕಣ್ಣಿಗೆ ಮೊದಲು ಬೀಳುವುದು ಡಬ್ಬದ ಮೇಲಿನ ವೇಗ. ಸೆಕೆಂಡಿಗೆ 1000 ಅಡಿ, 1200 ಅಡಿ ಅಂತ ದಪ್ಪಗೆ ಬರೆದಿರುತ್ತಾರೆ. ಅದು ಬಹುಪಾಲು ಸೀಸವಲ್ಲದ, ತೀರಾ ಹಗುರವಾದ ಪೆಲೆಟ್ (ಏರ್ ಗನ್ನಿನ ಪುಟ್ಟ ಗುಂಡು) ಹಾಕಿ ಅಳೆದ ಸಂಖ್ಯೆ. ದಿನಾ ಹೊಡೆಯುವ ಸೀಸದ ಪೆಲೆಟ್ ಹಾಕಿದರೆ ಅಷ್ಟು ಬರುವುದಿಲ್ಲ. ಬಂದರೂ ಅದರಿಂದ ಲಾಭವಿಲ್ಲ. ಪೆಲೆಟ್ ಆಕಾರ ನೋಡಿದ್ದೀರಲ್ಲ, ಮುಂದೆ ತಲೆ, ನಡುವೆ ಸಣ್ಣ ಸೊಂಟ, ಹಿಂದೆ ಟೊಳ್ಳಾದ ಲಂಗ. ಶಬ್ದದ ವೇಗ ಸೆಕೆಂಡಿಗೆ ಸುಮಾರು 1100 ಅಡಿ. ಅದರ ಹತ್ತಿರ ಹೋದರೆ ಈ ಆಕಾರ ಗಾಳಿಯಲ್ಲಿ ಓಲಾಡುತ್ತದೆ, ಹಾಳೆಯ ಮೇಲೆ ತೂತುಗಳು ಚೆಲ್ಲಾಪಿಲ್ಲಿ. ಅದಕ್ಕೇ ನಾನು ವೇಗದ ಅಂಕಿ ಬದಿಗಿಟ್ಟು, ಪ್ರತಿ ಸಲವೂ ಒಂದೇ ತರ ಹೊಡೆಯುವ ಮೆತ್ತನೆಯ ರೈಫಲ್ ಹುಡುಕಿದೆ. ಮುಂದೆ ರಿಪೇರಿ, ಗ್ರೀಸ್, ಪೆಲೆಟ್ ಅಂತ ಮಾಡಿದ್ದೆಲ್ಲ ಇದೇ ಲೆಕ್ಕದಲ್ಲಿ.

ಒಂದು ಮಾತು ಮೊದಲೇ. ಏರ್ ಗನ್ ಕಾನೂನು ದೇಶದಿಂದ ದೇಶಕ್ಕೆ ಬೇರೆ. ಬ್ರಿಟನ್ನಿನ ಬಹುಪಾಲು ಕಡೆ ಹೊಡೆತದ ಶಕ್ತಿ ರೈಫಲ್‌ಗೆ 12 ಅಡಿ-ಪೌಂಡ್, ಪಿಸ್ತೂಲಿಗೆ 6 ಅಡಿ-ಪೌಂಡ್ ದಾಟಿದರೆ ನಿಯಮವೇ ಬದಲಾಗುತ್ತದೆ. ಜರ್ಮನಿಯಲ್ಲಿ ಗೆರೆ ಇರುವುದು 7.5 ಜೂಲ್‌ಗೆ. ನೀವಿರುವ ಕಡೆ ಏನಿದೆ ಅಂತ ತಿಳಿದುಕೊಂಡೇ ಮುಂದುವರಿಯಿರಿ.

ಈಗ ಬಗೆಗಳು. ಸ್ಪ್ರಿಂಗ್ ರೈಫಲ್‌ನಲ್ಲಿ ಬ್ಯಾರೆಲ್ ಬಗ್ಗಿಸಿದರೆ, ಇಲ್ಲವೇ ಕೆಳಗಿನ ಸನ್ನೆ ಎಳೆದರೆ ಪಿಸ್ಟನ್ ಹಿಂದೆ ಹೋಗಿ ಸಿಕ್ಕಿಕೊಳ್ಳುತ್ತದೆ. ಟ್ರಿಗರ್ ಒತ್ತಿದಾಗ ಅದು ಮುಂದೆ ನುಗ್ಗಿ ಗಾಳಿ ಒತ್ತಿ ಪೆಲೆಟ್ ತಳ್ಳುತ್ತದೆ. ಪಂಪ್ ಬೇಡ, ಸಿಲಿಂಡರ್ ಬೇಡ. ಪಿಸಿಪಿ ಅಂದರೆ ಮೊದಲೇ ಗಾಳಿ ತುಂಬಿಟ್ಟದ್ದು, 200 ಬಾರ್ ಒತ್ತಡ ಅಥವಾ ಅದಕ್ಕೂ ಜಾಸ್ತಿ. ಹೊಡೆದಾಗ ಅಲುಗುವುದೇ ಇಲ್ಲ ಅನ್ನಬಹುದು, ಗುರಿ ಹಿಡಿಯುವುದು ತುಂಬಾ ಸುಲಭ, ಆದರೆ ಕೈ ಪಂಪ್ ಒತ್ತಿ ತೋಳು ಸೋಲುತ್ತದೆ, ಕಂಪ್ರೆಸರ್ ತಂದರೆ ಅದರದೇ ಒಂದು ಸಂಸಾರ. ಸಿಒ2 ಸಿಲಿಂಡರಿನದು ಮಜಾ ಇರುತ್ತದೆ, ಆದರೆ ಚಳಿಗೆ ಒತ್ತಡ ಇಳಿಯುತ್ತದೆ. ಬೇಗ ಬೇಗ ಹೊಡೆದರೂ ಅನಿಲ ತಣ್ಣಗಾಗಿ ಪೆಲೆಟ್ ಕೆಳಗೆ ಬೀಳುತ್ತದೆ.

ನಾನು ಸ್ಪ್ರಿಂಗ್ ಆರಿಸಿಕೊಂಡೆ. ವೈರಾಖ್ ಕಂಪನಿಯ ಎಚ್‌ಡಬ್ಲ್ಯು 30 ಎಸ್, 0.177 ಕ್ಯಾಲಿಬರ್ (ಬ್ಯಾರೆಲ್ ತೂತಿನ ಅಳತೆ), ಅಂದರೆ 4.5 ಮಿ.ಮೀ. ತೂಕ ಸುಮಾರು ಎರಡೂವರೆ ಕಿಲೋ. ಸೀಸದ ಪೆಲೆಟ್‌ಗೆ ಸೆಕೆಂಡಿಗೆ 600 ಅಡಿ ಚಿಲ್ಲರೆ ವೇಗ. ಕೇಳಿದರೆ ಪುಟಾಣಿ ಅನ್ನಿಸುತ್ತದೆ ಅಲ್ವಾ? ಹತ್ತು ಮೀಟರ್ ದೂರದ ಹಾಳೆಗೆ ಇದು ಬೇಕಾದಷ್ಟಾಯಿತು. ಬಗ್ಗಿಸಲು ಭುಜ ನೋಯುವುದಿಲ್ಲ, ಹಾಗಾಗಿ ಜಾಸ್ತಿ ಹೊತ್ತು ಹೊಡೆಯಬಹುದು. ಇದರ ರೆಕಾರ್ಡ್ ಟ್ರಿಗರ್‌ಗೋಸ್ಕರವೇ ಈ ರೈಫಲ್ ಕೊಳ್ಳಬಹುದು. ಮೊದಲ ಹಂತ ಸಲೀಸಾಗಿ ಬರುತ್ತದೆ, ಒಂದು ಕಡೆ ಬೆರಳಿಗೆ ಗೋಡೆ ಸಿಕ್ಕಿದಂತೆ ನಿಲ್ಲುತ್ತದೆ, ಅಲ್ಲಿಂದ ಚೂರು ಒತ್ತಿದರೆ ಬಿಡುಗಡೆ. 0.22 ಅಂದರೆ 5.5 ಮಿ.ಮೀ. ಪೆಲೆಟ್ ದಪ್ಪ, ಬೆರಳಲ್ಲಿ ಹಿಡಿಯಲು ಸುಲಭ. ಆದರೆ ಅಷ್ಟೇ ಶಕ್ತಿಗೆ 0.177 ಹೆಚ್ಚು ನೇರವಾಗಿ ಹಾರುತ್ತದೆ. ಹಾಳೆಗೆ ಹೊಡೆಯುವವರಿಗೆ ನನ್ನ ಮತ 0.177ಕ್ಕೇ.

ಸ್ಪ್ರಿಂಗ್ ರೈಫಲ್‌ಗೆ ಒಂದು ವಿಚಿತ್ರ ಗುಣ ಇದೆ. ಪಿಸ್ಟನ್ ಮುಂದೆ ಹೋಗುವಾಗ ರೈಫಲ್ ಹಿಂದೆ ಬರುತ್ತದೆ, ಪಿಸ್ಟನ್ ತುದಿಗೆ ಬಂದು ನಿಂತಾಗ ರೈಫಲ್ ಮುಂದಕ್ಕೆ ಎಗರುತ್ತದೆ, ಇಷ್ಟೆಲ್ಲ ಆಗುವಾಗ ಪೆಲೆಟ್ ಇನ್ನೂ ಬ್ಯಾರೆಲ್ ಒಳಗೇ ಇರುತ್ತದೆ. ಆದ್ದರಿಂದ ಗಟ್ಟಿಯಾಗಿ ಹಿಡಿದಷ್ಟೂ ಕೆಡುತ್ತದೆ. ನಿಮ್ಮ ಹಿಡಿತ ಒಂದೊಂದು ಸಲ ಒಂದೊಂದು ತರ ಇದ್ದರೆ ಆ ಅಲುಗಾಟವೂ ಒಂದೊಂದು ತರ. ಇದಕ್ಕೆ ಆರ್ಟಿಲರಿ ಹೋಲ್ಡ್ ಅಂತ ಒಂದು ಹಿಡಿತ ಇದೆ. ಎಡಗೈ ಅಂಗೈ ಬಿಚ್ಚಿ ಅದರ ಮೇಲೆ ಸ್ಟಾಕ್ (ರೈಫಲ್ ಹಿಡಿಯುವ ಒಡಲು) ಕೂರಿಸಿ, ಬೆರಳು ಸುತ್ತಬೇಡಿ. ಬಲಗೈ ಮೆತ್ತಗೆ. ಭುಜಕ್ಕೆ ತಾಗಿದ್ದರೆ ಸಾಕು, ಒತ್ತಬೇಡಿ. ಕೆನ್ನೆ ಸುಮ್ನೆ ಮುಟ್ಟಿಸಿ. ರೈಫಲ್ ತನಗೆ ಬೇಕಾದಂತೆ ಅಲುಗಲಿ, ಪ್ರತಿ ಸಲ ಅಷ್ಟೇ ಅಲುಗಲಿ. ಅಂಗೈ ಎಲ್ಲಿಡಬೇಕು ಅನ್ನುವುದು ರೈಫಲ್‌ನಿಂದ ರೈಫಲ್‌ಗೆ ಬದಲಾಗುತ್ತದೆ. ನನ್ನದು ಟ್ರಿಗರ್ ಗಾರ್ಡ್‌ಗೆ ಸ್ವಲ್ಪ ಮುಂದೆ ಇಟ್ಟಾಗ ಚೆನ್ನಾಗಿ ಗ್ರೂಪ್ ಮಾಡುತ್ತದೆ, ಅಂದರೆ ತೂತುಗಳು ಒತ್ತೊತ್ತಾಗಿ ಬೀಳುತ್ತವೆ, ಅಲ್ಲಿಂದ ನಾಲ್ಕು ಬೆರಳು ಮುಂದೆ ಸರಿಸಿದರೆ ತೂತುಗಳು ಮೇಲೆ ಕೆಳಗೆ ಹರಡುತ್ತವೆ. ಸರಿಯಾದ ಜಾಗ ಸಿಕ್ಕ ಮೇಲೆ ಅಲ್ಲೊಂದು ಸಣ್ಣ ಟೇಪ್ ಅಂಟಿಸಿದೆ. ರೈಫಲ್ ಅನ್ನು ಮೇಜಿನ ಗಟ್ಟಿ ಅಂಚಿಗೆ ನೇರವಾಗಿ ಒರಗಿಸಿ ಹೊಡೆದು, ಇದು ಸರಿ ಇಲ್ಲ ಅನ್ನುವವರು ತುಂಬಾ ಜನ. ಮೊದಲು ಕೈ ಮಧ್ಯೆ ಇಟ್ಟು ನೋಡಿ.

ಪೆಲೆಟ್ ವಿಷಯ ಬಂದರೆ ನಾನು ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ. ಒಂದೇ ಕಂಪನಿಯ ಒಂದೇ ಮಾದರಿಯ ಎರಡು ರೈಫಲ್‌ಗಳಿಗೂ ಬೇರೆ ಬೇರೆ ಪೆಲೆಟ್ ಇಷ್ಟವಾಗಬಹುದು. ಕಾಗದಕ್ಕೆ ಚಪ್ಪಟೆ ತಲೆಯ ವಾಡ್‌ಕಟರ್ ಒಳ್ಳೆಯದು, ಗುಂಡಗೆ ಕತ್ತರಿಸಿದಂತೆ ತೂತು ಮಾಡುತ್ತದೆ, ಅಂಕ ಓದುವುದು ಸುಲಭ. 25 ಮೀಟರ್ ದಾಟಿದರೆ ಗುಮ್ಮಟದಂಥ ತಲೆಯದೇ ಬೇಕು, ಚಪ್ಪಟೆ ತಲೆ ಗಾಳಿಯಲ್ಲಿ ಬೇಗ ಸುಸ್ತಾಗುತ್ತದೆ. ಒಳ್ಳೆಯ ಡಬ್ಬಗಳ ಮೇಲೆ ತಲೆಯ ಅಳತೆ ಹಾಕಿರುತ್ತಾರೆ, 4.49, 4.50, 4.51, 4.52 ಅಂತ. ಮಿಲಿಮೀಟರಿನ ನೂರನೇ ಒಂದು ಭಾಗ ಏನು ಮಾಡೀತು ಅನ್ನಬೇಡಿ, ಮಾಡುತ್ತದೆ. ಬ್ಯಾರೆಲ್ ಬಾಯಿಗೆ ಪೆಲೆಟ್ ಒತ್ತುವಾಗ ಹೆಬ್ಬೆರಳಿಗೇ ಗೊತ್ತಾಗುತ್ತದೆ. ಒಂದು ಸಡಿಲವಾಗಿ ಬಿದ್ದಂತೆ ಹೋಗುತ್ತದೆ, ಇನ್ನೊಂದು ಒತ್ತಿದರೂ ಹಟ ಮಾಡುತ್ತದೆ, ಮತ್ತೊಂದು ಒಂದೇ ಸಮನೆ ತಡೆ ಕೊಟ್ಟು ಒಳಗೆ ಕೂರುತ್ತದೆ. ಆ ಮೂರನೆಯದು ನನ್ನ ಡಬ್ಬ.

ಪರೀಕ್ಷೆ ಮಾಡುವಾಗ ಪೆಲೆಟ್ ಬದಲಿಸಿದ ಕೂಡಲೇ ತೀರ್ಪು ಕೊಡಬೇಡಿ. ಬ್ಯಾರೆಲ್ ಹೊಸ ಸೀಸಕ್ಕೆ ಒಗ್ಗಲು ಕೆಲವು ಹೊಡೆತ ಬೇಕು. ಆಮೇಲೆ ಐದರದೊಂದು ಗ್ರೂಪ್ ಅಲ್ಲ, ಹತ್ತರದ್ದು ಹೊಡೆಯಿರಿ. ಮೂರು ಹೊಡೆತ ಒಂದೇ ತೂತಿಗೆ ಹೋಗುವುದು ಅದೃಷ್ಟವೂ ಆಗಿರಬಹುದು. ಲಂಗ ನೆಗ್ಗಿದ ಪೆಲೆಟ್ ಎತ್ತಿಡಿ, ಸ್ಕೋಪ್ (ಗುರಿ ನೋಡುವ ದುರ್ಬೀನು) ಹೊಂದಿಸುವ ಮೊದಲು ಸುಮ್ಮನೆ ಹೊಡೆದು ಮುಗಿಸಲು ಆಗುತ್ತವೆ. ಪೆಲೆಟ್ ತೂಗುವುದು, ತೊಳೆಯುವುದು ಎಲ್ಲ ಮಾಡಿ ನೋಡಿದೆ. ಹತ್ತು ಮೀಟರಿಗೆ ಏನೂ ವ್ಯತ್ಯಾಸ ಕಾಣಲಿಲ್ಲ, ಬಿಟ್ಟುಬಿಟ್ಟೆ. ಸೀಸ ವಿಷ ಅನ್ನುವುದು ಮಾತ್ರ ಮರೆಯಬಾರದು. ಪೆಲೆಟ್ ಬಾಯಲ್ಲಿ ಕಚ್ಚಿಕೊಳ್ಳುವ ಚಟ ಕೆಲವರಿಗಿದೆ, ಬೇಡವೇ ಬೇಡ. ಹೊಡೆದ ಮೇಲೆ ಕೈ ತೊಳೆದೇ ಊಟ.

ಇನ್ನು ಹದ ಮಾಡುವುದು. ಗ್ರೂಪ್ ಇದ್ದಕ್ಕಿದ್ದಂತೆ ಹರಡಿತು ಅಂದರೆ ರೈಫಲ್ ಬಿಚ್ಚಬೇಡಿ. ಸ್ಟಾಕ್ ಸ್ಕ್ರೂ ನೋಡಿ. ಸ್ಪ್ರಿಂಗ್ ರೈಫಲ್ ನಡುಗಿ ನಡುಗಿ ಸ್ಕ್ರೂಗಳನ್ನು ತಾನೇ ಬಿಚ್ಚಿಕೊಳ್ಳುತ್ತದೆ. ನೀಲಿ ಬಣ್ಣದ ಥ್ರೆಡ್ ಲಾಕ್ ಒಂದು ಹನಿ ಹಾಕಿ ಬಿಗಿ ಮಾಡಿದರೆ ಸಾಕು, ಕೆಂಪು ಹಾಕಿದರೆ ಮತ್ತೆ ಬಿಚ್ಚುವುದು ಕಷ್ಟ. ನಂತರ ಸ್ಕೋಪ್ ಕೂರಿಸುವ ಮೌಂಟ್. ನಂತರ ಬ್ಯಾರೆಲ್ ಬಗ್ಗುವ ಕಡೆ ಇರುವ ಬ್ರೀಚ್ ಸೀಲ್. ಅದಕ್ಕೊಂದು ಸುಲಭದ ಪರೀಕ್ಷೆ ಇದೆ. ಟಿಶ್ಯೂ ಪೇಪರಿನ ಒಂದು ಎಳೆ ಹರಿದು ಬ್ರೀಚ್ ಸಂದಿಯ ಮೇಲೆ ಇಡಿ. ಪೆಲೆಟ್ ಹಾಕಿ ಟಾರ್ಗೆಟ್ ಕಡೆ ಹೊಡೆಯಿರಿ. ಎಳೆ ಹಾರಿ ಹೋದರೆ ಗಾಳಿ ಅಲ್ಲೇ ಸೋರುತ್ತಿದೆ. ಸೀಲ್ ತೆಗೆದು ಕೆಳಗೆ ತೆಳು ಕಾಗದದ ಬಿಲ್ಲೆ ಕೊಟ್ಟು ಎತ್ತರಿಸಬಹುದು, ಹೊಸದು ಹಾಕಿದರೆ ಇನ್ನೂ ಒಳ್ಳೆಯದು.

ವೇಗ ಅಳೆಯಲು ಕ್ರೊನೊಗ್ರಾಫ್ ಇದ್ದರೆ ಊಹೆ ಕಡಿಮೆಯಾಗುತ್ತದೆ. ಗ್ರೇನ್ ಅನ್ನುವ ಸಣ್ಣ ಅಳತೆಯಲ್ಲಿ ಪೆಲೆಟ್ ತೂಕ ಗುಣಿಸು ವೇಗ (ಸೆಕೆಂಡಿಗೆ ಅಡಿ) ಗುಣಿಸು ವೇಗ, ಭಾಗಿಸು 450240. ಉತ್ತರ ಅಡಿ-ಪೌಂಡ್‌ನಲ್ಲಿ ಬರುತ್ತದೆ. 8.44 ಗ್ರೇನ್ ಪೆಲೆಟ್ 780 ಅಡಿ ವೇಗದಲ್ಲಿ ಹೋದರೆ 11.4 ಅಡಿ-ಪೌಂಡ್. ಆದರೆ ನಾನು ನೋಡುವುದು ಸರಾಸರಿಯನ್ನಲ್ಲ, ಹತ್ತು ಹೊಡೆತದಲ್ಲಿ ಅತಿ ಹೆಚ್ಚಿಗೂ ಅತಿ ಕಡಿಮೆಗೂ ಇರುವ ಅಂತರವನ್ನು. ಆ ಅಂತರ ದೊಡ್ಡದಾಗುತ್ತಾ ಬಂದರೆ ಸೀಲ್ ಸವೆದಿದೆ, ಇಲ್ಲವೇ ಒಳಗೆ ಎಣ್ಣೆ ಜಾಸ್ತಿಯಾಗಿದೆ ಅಂತ ಮೊದಲ ಅನುಮಾನ.

ಎಣ್ಣೆ ವಿಚಾರದಲ್ಲಿ ಕೈ ಬಿಗಿ ಇರಲಿ. ಗಾಳಿ ಒತ್ತುವ ಕೋಣೆಗೆ ಹೊಲಿಗೆ ಯಂತ್ರದ ಎಣ್ಣೆ, ಸ್ಪ್ರೇ ಇವೆಲ್ಲ ಹೋಗಬಾರದು. ಗಾಳಿ ಒತ್ತಿದಾಗ ಬಿಸಿಯಾಗುತ್ತದೆ, ಆ ಬಿಸಿಗೆ ಎಣ್ಣೆ ಹೊತ್ತಿಕೊಳ್ಳುತ್ತದೆ. ಡೀಸೆಲಿಂಗ್ ಅನ್ನುತ್ತಾರೆ. ಢಮ್ ಅಂತ ಸದ್ದು, ಬ್ಯಾರೆಲ್ ಬಾಯಲ್ಲಿ ಹೊಗೆ, ಸುಟ್ಟ ವಾಸನೆ. ಹೊಸ ರೈಫಲ್‌ನಲ್ಲಿ ಶುರುವಿಗೆ ಸ್ವಲ್ಪ ಹೊಗೆ ಬಂದು ನಿಂತರೆ ಚಿಂತೆ ಇಲ್ಲ. ಮುಂದುವರಿದರೆ ಸೀಲ್ ಹೋಗುತ್ತದೆ. ಪಿಸಿಪಿಯಲ್ಲಂತೂ ಇದು ಅಪಾಯವೇ. ಅಷ್ಟು ಒತ್ತಡದಲ್ಲಿ ಪೆಟ್ರೋಲಿಯಂ ಎಣ್ಣೆ ಬೇಡ, ಗಾಳಿ ಸೋರದಂತೆ ತಡೆಯುವ ರಬ್ಬರ್ ಉಂಗುರಕ್ಕೆ (ಓ-ರಿಂಗ್) ಸಿಲಿಕೋನ್ ಗ್ರೀಸ್. ತುಂಬುವುದು ಒಣ ಗಾಳಿ, ಆಮ್ಲಜನಕ ಯಾವತ್ತೂ ಅಲ್ಲ.

ಸ್ಪ್ರಿಂಗ್ ಬದಲಿಸಲು ರೈಫಲ್ ಬಿಚ್ಚುವವರಿಗೆ: ಕಾಕ್ ಮಾಡದೆ (ಪಿಸ್ಟನ್ ಹಿಂದೆ ಎಳೆದು ಸಿಕ್ಕಿಸದೆ) ಇದ್ದಾಗಲೂ ಒಳಗಿನ ಸ್ಪ್ರಿಂಗ್ ಒತ್ತಿಕೊಂಡೇ ಇರುತ್ತದೆ. ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಹಿಂದಿನ ಬಿರಡೆಗೆ ಕೈ ಹಾಕಬೇಡಿ, ಮುಖಕ್ಕೆ ಹಾರುತ್ತದೆ. ಬಿಚ್ಚಿದಾಗ ನಾನು ಹೊಸ ಬಲವಾದ ಸ್ಪ್ರಿಂಗ್ ಹಾಕಲಿಲ್ಲ, ಹಳೆಯದನ್ನೇ ಉಳಿಸಿಕೊಂಡೆ. ಸ್ಪ್ರಿಂಗ್ ಒಳಗೆ ಕೂರುವ ಗೈಡ್ ಸಡಿಲವಿತ್ತು, ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಗೈಡ್ ತಂದು ಹಾಕಿದೆ. ಸನ್ನೆ ಓಡಾಡುವ ಸೀಳಿನ ಅಂಚು ಬ್ಲೇಡಿನ ಹಾಗೆ ಇತ್ತು, ಸಣ್ಣ ಎಮರಿ ಪೇಪರಿನಿಂದ ಉಜ್ಜಿ ನಯ ಮಾಡಿದೆ, ಇಲ್ಲದಿದ್ದರೆ ಪಿಸ್ಟನ್ ಸೇರಿಸುವಾಗ ಹೊಸ ಸೀಲ್ ಕತ್ತರಿಸಿಹೋಗುತ್ತದೆ. ಉಜ್ಜಿದ ಪುಡಿ ಒಂದು ಕಣವೂ ಉಳಿಯದಂತೆ ಒರೆಸಿದೆ. ಪಿಸ್ಟನ್ ಪಕ್ಕಕ್ಕೆ ಮಾಲಿ ಪೇಸ್ಟ್ (ಮಾಲಿಬ್ಡಿನಮ್ ಬೆರೆತ ಜಾರುಲೇಪ) ತೆಳ್ಳಗೆ, ಸ್ಪ್ರಿಂಗಿಗೆ ಅಂಟು ಗ್ರೀಸ್ ಇನ್ನೂ ತೆಳ್ಳಗೆ. ಇಷ್ಟಕ್ಕೇ 'ಟ್ವ್ಯಾಂಗ್' ಅನ್ನುತ್ತಿದ್ದ ಸದ್ದು 'ಠಕ್' ಅನ್ನುವಷ್ಟಕ್ಕೆ ಇಳಿಯಿತು. ವೇಗ ಸ್ವಲ್ಪ ಕಮ್ಮಿಯಾಯಿತು, ಗ್ರೂಪ್ ಚಿಕ್ಕದಾಯಿತು.

ಟ್ರಿಗರ್ ತೀರಾ ಹಗುರ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಬ್ಯಾರೆಲ್ ಬಗ್ಗಿಸಿ ಪೆಲೆಟ್ ಹಾಕುವಾಗ ನಿಮ್ಮ ಹೆಬ್ಬೆರಳು ಬ್ರೀಚ್‌ನಲ್ಲಿರುತ್ತದೆ ಅನ್ನುವುದು ನೆನಪಿರಲಿ. ಆ ಹೊತ್ತಿನಲ್ಲಿ ಇನ್ನೊಂದು ಕೈ ಬ್ಯಾರೆಲ್ ಬಿಡಬಾರದು. ಸ್ಕ್ರೂ ಕಾಲು ಸುತ್ತು ತಿರುಗಿಸಿ, ಕಾಕ್ ಮಾಡಿ, ಬುಡ ನೆಲಕ್ಕೆ ತಟ್ಟಿ ನೋಡಿ, ಬ್ಯಾರೆಲ್ ಸುರಕ್ಷಿತ ದಿಕ್ಕಿಗೇ ಇರಲಿ. ತಟ್ಟಿದಾಗ ಹಾರಿದರೆ ಸ್ಕ್ರೂ ವಾಪಸ್. ಇನ್ನೊಂದು, ಪೆಲೆಟ್ ಇಲ್ಲದೆ ಸ್ಪ್ರಿಂಗ್ ರೈಫಲ್ ಹೊಡೆಯಬೇಡಿ. ಮುಂದೆ ಗಾಳಿಯ ಮೆತ್ತೆ ಇಲ್ಲದೆ ಪಿಸ್ಟನ್ ಲೋಹಕ್ಕೆ ಬಡಿಯುತ್ತದೆ.

ಸ್ಕೋಪ್ ಕೊಳ್ಳುವಾಗ ಸ್ಪ್ರಿಂಗ್ ಏರ್ ರೈಫಲ್‌ಗೆ ಆಗುತ್ತದೆ ಅಂತ ಬರೆದಿರುವುದನ್ನೇ ತಗೊಳ್ಳಿ. ದೊಡ್ಡ ಬಂದೂಕಿನ ಒದೆತ ತಡೆಯುವ ಸ್ಕೋಪ್‌ಗಳೂ ಇದರ ಮುಂದಕ್ಕೆ ಎಗರುವ ಒದೆತಕ್ಕೆ ಒಳಗೆ ಕಳಚಿಕೊಳ್ಳಬಹುದು. ಹತ್ತಿರದ ದೂರಕ್ಕೆ ಫೋಕಸ್ ಆಗಬೇಕು. ಮೌಂಟ್ ಹಿಂದೆ ಸರಿಯದಂತೆ ಒಂದು ತಡೆ ಬೇಕು. ಅಷ್ಟೇ.

ಪಿಸ್ತೂಲ್ ಬೇರೆಯದೇ ಆಟ. ಸ್ಪರ್ಧೆಯ ಹತ್ತು ಮೀಟರ್ ರೈಫಲ್ ಹಾಳೆಯಲ್ಲಿ ಹತ್ತರ ಗುರುತು ಅರ್ಧ ಮಿಲಿಮೀಟರಿನ ಚುಕ್ಕಿ, ಪಿಸ್ತೂಲ್ ಹಾಳೆಯಲ್ಲಿ 11.5 ಮಿ.ಮೀ. ವೃತ್ತ. ಎಷ್ಟು ರಿಯಾಯಿತಿ ಕೊಟ್ಟಿದ್ದಾರೆ ನೋಡಿ, ಆದರೂ ಪಿಸ್ತೂಲೇ ಕಷ್ಟ. ಒಂದೇ ಕೈ, ಯಾವ ಆಸರೆಯೂ ಇಲ್ಲ. ಸ್ಪ್ರಿಂಗ್ ಪಿಸ್ತೂಲ್‌ಗಳು ಕೈಯಲ್ಲಿ ಒದ್ದಾಡುತ್ತವೆ, ಕಲಿಯುವವರಿಗೆ ಬೇಡ ಅನ್ನುತ್ತೇನೆ. ಒಂದೇ ಸಲ ಪಂಪ್ ಮಾಡಿ ಹೊಡೆಯುವ ವೈರಾಖ್ ಎಚ್‌ಡಬ್ಲ್ಯು 40 ತರದವು ಅಲುಗುವುದಿಲ್ಲ, ನನ್ನ ಶುರು ಅದರಿಂದಲೇ. ಸ್ಪರ್ಧೆಗೆ ಹೋಗುವವರದು ಸಿಲಿಂಡರ್ ಇರುವ ಸ್ಟೈಯರ್, ವಾಲ್ಥರ್, ಮೊರಿನಿ ಇಂಥವು, ಅವುಗಳ ಟ್ರಿಗರ್ ಕನಿಷ್ಠ 500 ಗ್ರಾಂ ತೂಕ ಎತ್ತಬೇಕು ಅನ್ನುವುದು ನಿಯಮ.

ಕಣ್ಣು ಎಲ್ಲಿರಬೇಕು ಅನ್ನುವುದೇ ಪಿಸ್ತೂಲಿನ ಅರ್ಧ ವಿದ್ಯೆ. ಮುಂದಿನ ಸೈಟ್‌ನ ಮೇಲಂಚು ಚೂಪಾಗಿ ಕಾಣಬೇಕು, ಟಾರ್ಗೆಟ್‌ನ ಕಪ್ಪು ಮಸುಕಾಗಿ. ಸೈಟ್‌ನ ಎರಡೂ ಪಕ್ಕ ಒಂದೇ ಅಗಲದ ಬೆಳಕು. ಕಪ್ಪಿನ ನಡುವಿಗೆ ಗುರಿ ಇಡದೆ ಅದರ ಕೆಳಗಿನ ಬಿಳಿಯಲ್ಲಿ ಇಡುತ್ತೇನೆ, ಕಪ್ಪು ಸೈಟ್ ಬಿಳಿ ಹಾಳೆಯ ಮೇಲೆ ಚೆನ್ನಾಗಿ ಕಾಣುತ್ತದೆ. ಕೈ ಅಲ್ಲಾಡುತ್ತಲೇ ಇರುತ್ತದೆ, ಅಲ್ಲಾಡಲಿ. ಸರಿಯಾದ ಕ್ಷಣಕ್ಕೆ ಕಾದು ಪಟಕ್ ಅಂತ ಎಳೆದರೆ ಏಳಕ್ಕೂ ಕೆಳಗೆ ಹೋಗುತ್ತದೆ. ಆ ಅಲ್ಲಾಟದ ಒಳಗೇ ಟ್ರಿಗರ್ ಮೇಲೆ ಒತ್ತಡ ಏರಿಸುತ್ತಾ ಹೋಗಬೇಕು. ಏಳೆಂಟು ಸೆಕೆಂಡಿನಲ್ಲಿ ಬಿಡುಗಡೆ ಆಗದಿದ್ದರೆ ಕೈ ಇಳಿಸಿ, ಉಸಿರಾಡಿ, ಮತ್ತೆ ಎತ್ತಿ. ಹೊಡೆದ ಮೇಲೂ ಒಂದೆರಡು ಸೆಕೆಂಡ್ ಸೈಟ್ ನೋಡುತ್ತಲೇ ಇರಿ, ಪೆಲೆಟ್ ಎಲ್ಲಿ ಬಿತ್ತು ಅಂತ ಹಾಳೆ ನೋಡದೆಯೇ ಹೇಳಲು ಬರಬೇಕು.

ರೈಫಲ್ ಇರಲಿ, ಪಿಸ್ತೂಲ್ ಇರಲಿ, ಟಾರ್ಗೆಟ್ ಹಿಂದೆ ಪೆಲೆಟ್ ತಡೆಯಲು ಮೊದಲು ವ್ಯವಸ್ಥೆ ಮಾಡಿ. ನನ್ನ ಪೆಟ್ಟಿಗೆಯಲ್ಲಿ ಓರೆಯಾಗಿ ನಿಲ್ಲಿಸಿದ ಉಕ್ಕಿನ ತಗಡು ಇದೆ, ಪೆಲೆಟ್ ಬಡಿದು ಕೆಳಗಿನ ಮರಳಿಗೆ ಬೀಳುತ್ತದೆ. ಬಿಬಿ ಅನ್ನುವ ಉಕ್ಕಿನ ಪುಟ್ಟ ಗೋಲಿ ಇದಕ್ಕೆ ಹೊಡೆಯಬಾರದು, ನೆಟ್ಟಗೆ ವಾಪಸ್ ಬರುತ್ತದೆ. ಏನೇ ಹೊಡೆದರೂ ಕನ್ನಡಕ ಹಾಕಿಯೇ.

ಈಗ ಕೈಗೆತ್ತಿಕೊಂಡಿರುವುದು ಪಿಸ್ತೂಲಿನ ಮರದ ಹಿಡಿ. ಹೆಬ್ಬೆರಳ ಬುಡದಲ್ಲಿ ಒತ್ತುತ್ತಿದ್ದ ಕಡೆ ಅರ ಹಾಕಿ ತೆಗೆದೆ, ಅಂಗೈ ಮಧ್ಯೆ ಖಾಲಿ ಉಳಿದ ಕಡೆ ವುಡ್ ಪುಟ್ಟಿ ತುಂಬಿ, ಅದು ಮೆತ್ತಗಿರುವಾಗಲೇ ತೆಳು ಪ್ಲಾಸ್ಟಿಕ್ ಸುತ್ತಿ ಹಿಡಿದು ಅಚ್ಚು ತೆಗೆದೆ. ಕಣ್ಣು ಮುಚ್ಚಿ ಕೈ ಎತ್ತಿ, ಕಣ್ಣು ಬಿಟ್ಟಾಗ ಸೈಟ್ ತಾನಾಗಿ ನೇರ ಇರಬೇಕು, ಅದು ಗುರುತು. ಇನ್ನೂ ಸ್ವಲ್ಪ ಎಡಕ್ಕೆ ತೋರಿಸುತ್ತಿದೆ, ಹಾಗಾಗಿ ಬೆರಳಿನ ಕಡೆ ಇನ್ನೊಂದಿಷ್ಟು ಉಜ್ಜುವುದಿದೆ.