ಕಮ್ಯೂನಿಟಿ ಕಾಲೇಜು ಅಂದ್ರೆ ಮೂಗು ಮುರೀಬೇಡಿ, ನಾನು ಮುರಿದು ಕೆಟ್ಟೆ

ಗಂಡನ ಎಚ್-1 (ಕೆಲ್ಸದ ವೀಸಾ) ಹಿಂದೆ ಎಚ್-4 (ಹೆಂಡ್ತಿಗೆ ಕೊಡೋ ವೀಸಾ) ಹಿಡ್ಕೊಂಡು ಕ್ಯಾಲಿಫೋರ್ನಿಯಾದ ಬೇ ಏರಿಯಾಗೆ ಬಂದು, ಬೆಳಿಗ್ಗೆ ಅವ್ರನ್ನ ಆಫೀಸಿಗೆ ಕಳ್ಸಿ ಸಂಜೆ ತನಕ ಗೋಡೆ ನೋಡ್ತಾ ಕೂತಿರೋ ನಮ್ಮ ಹೆಣ್ಮಕ್ಳಲ್ಲಿ ತಿಂಗಳಿಗೊಬ್ರಾದ್ರೂ ನನ್ನ ಕೇಳ್ತಾರೆ, "ಅಕ್ಕಾ, ನೀವು ಇಲ್ಲಿ ಓದೋಕೆ ಹೆಂಗೆ ಶುರು ಮಾಡಿದ್ರಿ?" ಅಂತ. ಒಬ್ಬೊಬ್ರಿಗೂ ಹೇಳಿ ಸಾಕಾಯ್ತು, ಅದಕ್ಕೆ ಇಲ್ಲಿ ಬರೀತಿದೀನಿ.

ನಾನು 2005ರಲ್ಲಿ ಮೈಸೂರಿಂದ ಫ್ರೀಮಾಂಟ್‌ಗೆ ಬಂದೆ. ಬಂದ ಹೊಸದ್ರಲ್ಲೇ ಪಕ್ಕದ ಅಪಾರ್ಟ್‌ಮೆಂಟಿನ ತೆಲುಗು ಆಂಟಿ ಒಬ್ರು "ಕಮ್ಯೂನಿಟಿ ಕಾಲೇಜಿಗೆ ಹೋಗಮ್ಮ" ಅಂದಿದ್ರು. ಹೈಸ್ಕೂಲ್ ಆದ್ಮೇಲೆ ಎರಡು ವರ್ಷ ಓದೋ ಸರ್ಕಾರಿ ಕಾಲೇಜು ಅದು. ನಾನು ಮಾನಸಗಂಗೋತ್ರಿಲಿ ಎಂ.ಕಾಂ. ಫಸ್ಟ್ ಕ್ಲಾಸ್ ಕಣ್ರೀ, ಹೋಗಿ ಹೋಗಿ ಹೈಸ್ಕೂಲ್ ಮುಗ್ಸಿರೋ ಹುಡುಗ್ರ ಜೊತೆ ಕೂತು ಡೆಬಿಟ್ ಕ್ರೆಡಿಟ್ ಕಲೀಬೇಕಾ ಅಂತ ಮೂಗು ಮುರಿದೆ. ಹಂಗೆ ಐದು ವರ್ಷ ಹೋಯ್ತು. ಮಧ್ಯೆ ಮಗ ಹುಟ್ಟಿದ, ಸರಿ, ಆದ್ರೆ ಆ ಐದು ವರ್ಷದಲ್ಲಿ ನಾನು ಮಾಡಿದ ದೊಡ್ಡ ಕೆಲ್ಸ ಅಂದ್ರೆ ಸೀರಿಯಲ್ ನೋಡಿದ್ದು, ಅಮ್ಮನ ಹತ್ರ ಫೋನಲ್ಲಿ ಅತ್ತಿದ್ದು.

ಎಚ್-4ನಲ್ಲಿ ಕೆಲ್ಸ ಮಾಡೋ ಹಾಗಿಲ್ಲ ಅಂದ್ರೆ ಓದೋ ಹಾಗೂ ಇಲ್ಲ ಅಂತ ನಾನೇ ಅಂದ್ಕೊಂಡಿದ್ದೆ. ತಪ್ಪು. ಫುಲ್ ಟೈಮ್ ಓದ್ಬಹುದು, ಯಾರೂ ತಡೆಯಲ್ಲ. ಕ್ಯಾಲಿಫೋರ್ನಿಯಾ ಒಂದ್ರಲ್ಲೇ ಇಂಥ ಸರ್ಕಾರಿ ಕಾಲೇಜು 116 ಇವೆ. ಎಂಟ್ರೆನ್ಸ್ ಇಲ್ಲ, ಡೊನೇಷನ್ ಇಲ್ಲ, "ಎಷ್ಟು ಪರ್ಸೆಂಟು" ಅಂತ ಕೇಳೋರೂ ಇಲ್ಲ. ಫಾರ್ಮ್ ಆನ್‌ಲೈನಲ್ಲಿ ತುಂಬೋದು, ಮಾರ್ಕ್ಸ್ ಕಾರ್ಡ್ ಇವ್ಯಾಲ್ಯುಯೇಷನ್‌ಗೆ ಕಳ್ಸೋದು, ಅಷ್ಟೇ, ಒಂದು ವಾರದ ಕೆಲ್ಸ.

ಫೀಸ್ ವಿಷ್ಯ ಮಾತ್ರ ಗಮನ ಇಟ್ಟು ಓದಿ, ಇಲ್ಲಿ ನಾನು ದುಡ್ಡು ಸುಟ್ಕೊಂಡಿದೀನಿ. ರೆಸಿಡೆಂಟ್ (ಈ ರಾಜ್ಯದ ನಿವಾಸಿ) ಆದ್ರೆ ಯೂನಿಟ್‌ಗೆ, ಅಂದ್ರೆ ಒಂದು ಕ್ರೆಡಿಟ್‌ಗೆ, ಈಗ 46 ಡಾಲರ್, ಅಂದ್ರೆ ಮೂರು ಯೂನಿಟ್ಟಿನ ಒಂದು ಕ್ಲಾಸಿಗೆ 138. ನಾನ್-ರೆಸಿಡೆಂಟ್ ಆದ್ರೆ ಅದರ ಹಲವು ಪಟ್ಟು. ವೀಸಾದಲ್ಲಿ ಇರೋರೆಲ್ಲ ನಾನ್-ರೆಸಿಡೆಂಟೇ ಅಂದ್ಕೊಂಡು ಮೊದಲ್ನೇ ಸೆಮಿಸ್ಟರ್ ಪೂರ್ತಿ ಕಟ್ಟಿದೆ. ಎಚ್-4 ಇದ್ರೂ ರಾಜ್ಯದಲ್ಲಿ ಒಂದು ವರ್ಷಕ್ಕಿಂತ ಜಾಸ್ತಿ ಇದ್ದು, ಟ್ಯಾಕ್ಸ್ ರಿಟರ್ನು, ಡ್ರೈವಿಂಗ್ ಲೈಸೆನ್ಸು ಅಂತ ಪ್ರೂಫ್ ತೋರ್ಸಿದ್ರೆ ರೆಸಿಡೆಂಟ್ ಫೀಸ್ ಸಿಗುತ್ತೆ ಅಂತ ಆಮೇಲೆ ಗೊತ್ತಾಯ್ತು. ನಾನಾಗ ಬಂದು ಐದು ವರ್ಷ ಆಗಿತ್ತು! ಕೇಳಿದ್ರೆ ಹೇಳ್ತಿದ್ರು. ನಾನು ಕೇಳ್ಲಿಲ್ಲ.

ಕೇಳೋಕೆ ಕಾಲೇಜಲ್ಲೇ, ಯಾವ ಕ್ಲಾಸ್ ತಗೋಬೇಕು ಅಂತ ಹೇಳೋ ಕೌನ್ಸೆಲರ್ ಅಂತ ಒಬ್ರು ಇದ್ರು, ಫ್ರೀ. ಆದ್ರೆ ನಮ್ಮ ತಲೇಲಿ ಕೌನ್ಸೆಲಿಂಗ್ ಅಂದ್ರೆ ಒಂದೋ ಸಿಇಟಿ ಸೀಟ್ ಹಂಚೋದು, ಇಲ್ಲಾಂದ್ರೆ ಮನಸ್ಸು ಸರಿಯಿಲ್ದೋರು ಹೋಗೋದು. ನಂಗೇನಾಗಿದೆ ಅಂತ ಎರಡು ಸೆಮಿಸ್ಟರ್ ಆ ಬಾಗ್ಲು ತಟ್ಟಲಿಲ್ಲ. ಬೇಡದ ಎರಡು ಕ್ಲಾಸ್ ತಗೊಂಡಿದ್ದು ಅದಕ್ಕೇ.

ಮೊದಲ್ನೇ ದಿನದ ಕಥೆ ಕೇಳಿ. ಪ್ರೊಫೆಸರ್ ಒಳಗೆ ಬಂದ್ರು, ನಾನು ಟಕ್ ಅಂತ ಎದ್ದು ನಿಂತೆ. ಇಡೀ ಕ್ಲಾಸಲ್ಲಿ ನಾನೊಬ್ಳೇ. ಅವ್ರು ನನಗೇನೋ ಡೌಟ್ ಇದೆ ಅಂದ್ಕೊಂಡು "ಯೆಸ್?" ಅಂದ್ರು. ಏನೂ ಹೇಳೋಕೆ ತೋಚದೆ "ಗುಡ್ ಮಾರ್ನಿಂಗ್ ಸರ್" ಅಂದು ಕೂತೆ. ಸಂಜೆ ಆರು ಗಂಟೆ ಕ್ಲಾಸು ಅದು. ಪಕ್ಕದಲ್ಲಿ ಹದಿನೆಂಟರ ಹುಡುಗ ಕಿಸಕ್ ಅಂದ, ಆ ಕಡೆ ಕೂತಿದ್ದ ಅರವತ್ತು ದಾಟಿದ ಅಫ್ಘಾನಿ ಹೆಂಗಸು ಮಾತ್ರ ನನ್ನ ಕೈ ಮೆಲ್ಲಗೆ ಅದುಮಿದ್ರು. ಆಮೇಲೆ ಅವ್ರಿಗೂ ನಂಗೂ ಎರಡು ವರ್ಷ ಡಬ್ಬಿ ಸ್ನೇಹ, ಅವ್ರ ಆಲೂ ಹಾಕಿದ ಬೊಲಾನಿ ರೊಟ್ಟಿ, ನನ್ನ ಚಿತ್ರಾನ್ನ. ಅವ್ರ ದೇಶದಲ್ಲಿ ಅವ್ರು ಟೀಚರ್ ಆಗಿದ್ರಂತೆ, ಇಲ್ಲಿ ಮೊದಲಿಂದ ಇಂಗ್ಲಿಷ್ ಕಲೀತಿದ್ರು. ನನ್ನ ಫಸ್ಟ್ ಕ್ಲಾಸ್ ಜಂಭ ಅವತ್ತೇ ಅರ್ಧ ಇಳೀತು.

ಉಳಿದರ್ಧ ಮೊದಲ್ನೇ ಅಸೈನ್‌ಮೆಂಟಲ್ಲಿ ಇಳೀತು. ಟೆಕ್ಸ್ಟ್ ಬುಕ್ಕಲ್ಲಿ ಇದ್ದದ್ದನ್ನ ಇದ್ದ ಹಾಗೇ ಅಕ್ಷರ ಬಿಡದೆ ಬರ್ದೆ. ನಮ್ಮಲ್ಲಿ ಹಂಗೆ ಬರೆದ್ರೆ ತಾನೆ ಫುಲ್ ಮಾರ್ಕ್ಸು? ಇಲ್ಲಿ ಸೊನ್ನೆ ಬಂತು, ಜೊತೆಗೆ ಆಫೀಸಿಗೆ ಬನ್ನಿ ಅಂತ ಮೇಲ್. ಕದ್ದೋಳ ಥರ ನಡುಗ್ತಾ ಹೋಗಿ ನಿಂತೆ. ಆ ಮನುಷ್ಯ ಬೈಲಿಲ್ಲ, ಪುಸ್ತಕ ಮುಚ್ಚಿಟ್ಟು "ನಿಮ್ಮ ಮಾತಲ್ಲಿ ಹೇಳಿ" ಅಂದ್ರು. ನಂಗೆ ಬಾಯಿ ಬರ್ಲಿಲ್ಲ. ಹದಿನೇಳು ವರ್ಷ ಓದಿದೀನಿ, ನಿನ್ನ ಮಾತಲ್ಲಿ ಹೇಳಮ್ಮ ಅಂತ ಅದುವರೆಗೂ ನನ್ನ ಯಾರೂ ಕೇಳಿರ್ಲಿಲ್ಲ. ಅವತ್ತಿಂದ ಆಫೀಸ್ ಅವರ್ಸ್ (ಪ್ರೊಫೆಸರ್ ತಮ್ಮ ಆಫೀಸಲ್ಲಿ ಸಿಗೋ ಟೈಮು) ಒಂದೂ ಬಿಡ್ಲಿಲ್ಲ, ನೀವೂ ಬಿಡ್ಬೇಡಿ.

2015ರ ಮೇನಲ್ಲಿ ಎಚ್-4 ಇಎಡಿ (ಕೆಲ್ಸದ ಪರ್ಮಿಟ್ ಕಾರ್ಡ್) ಬಂತು, ಅಂದ್ರೆ ಗಂಡನ ಗ್ರೀನ್ ಕಾರ್ಡಿನ ಐ-140 ಅರ್ಜಿ ಅಪ್ರೂವ್ ಆಗಿದ್ರೆ ನಾವೂ ಕೆಲ್ಸ ಮಾಡ್ಬಹುದು ಅಂತ. ಕಾರ್ಡ್ ಕೈಗೆ ಬಂದ ಮೇಲೆ ಓದೋಣ ಅಂತ ಕಾದಿದ್ದ ಗೆಳತಿಯರು ಆಗ ಶುರು ಮಾಡಿದ್ರು, ನಾನು ಎರಡೇ ತಿಂಗಳಲ್ಲಿ ಒಂದು ಸಣ್ಣ ಟ್ಯಾಕ್ಸ್ ಆಫೀಸಲ್ಲಿ ಕೂತಿದ್ದೆ. ನಾನು ಸಿಪಿಎ (ನಮ್ಮ ಸಿಎ ಥರ) ಲೈಸೆನ್ಸ್ ತಗೊಂಡಾಗ 150 ಸೆಮಿಸ್ಟರ್ ಯೂನಿಟ್ ಬೇಕಿತ್ತು, ಅದ್ರಲ್ಲಿ ಎಥಿಕ್ಸೇ ಹತ್ತು. ನಮ್ಮ ಎಂ.ಕಾಂ.ನಲ್ಲಿ ಎಥಿಕ್ಸ್ ಎಲ್ಲಿಂದ ಬರ್ಬೇಕು? ಕಮ್ಮಿ ಬಿದ್ದದ್ದೆಲ್ಲ ಕಮ್ಯೂನಿಟಿ ಕಾಲೇಜಲ್ಲೇ ತುಂಬಿಸ್ಕೊಂಡೆ.

ಇಷ್ಟೆಲ್ಲ ಆದೋಳು ಮಗನ ವಿಷ್ಯದಲ್ಲಿ ಏನ್ ಮಾಡಿದೆ ಗೊತ್ತಾ? 2024ರಲ್ಲಿ ಹೈಸ್ಕೂಲ್ ಮುಗ್ಸಿ "ಅಮ್ಮಾ, ಎರಡು ವರ್ಷ ಇಲ್ಲೇ ಓದಿ ಆಮೇಲೆ ಯುಸಿಗೆ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಗೆ) ಟ್ರಾನ್ಸ್‌ಫರ್ ಆಗ್ತೀನಿ, ಹಿಸ್ಟರಿ ತಗೋತೀನಿ" ಅಂದ. ಎರಡು ದಿನ ಊಟ ಸೇರ್ಲಿಲ್ಲ ನಂಗೆ. ಚಿಕ್ಕೋನಿದ್ದಾಗ ನಾನು ಎಕ್ಸಾಮ್‌ಗೆ ಓದೋವಾಗ ಅದೇ ಕಾಲೇಜಿನ ಲೈಬ್ರರಿಲಿ ಮೇಜಿನ ಕೆಳಗೆ ಕೂತು ಬಣ್ಣ ಹಚ್ತಿದ್ದ ಮಗು ಅದು. ಆ ವರ್ಷ ರಾಜ್ಯೋತ್ಸವದ ಪಾಟ್‌ಲಕ್ಕಲ್ಲಿ ಯಾರೋ "ಮಗ ಯಾವ ಕಾಲೇಜು?" ಅಂದ್ರು. "ಇಲ್ಲೇ ಹತ್ರ" ಅಂದ್ಬಿಟ್ಟು ಮೊಸರನ್ನದ ಪಾತ್ರೆ ಕಡೆ ತಿರುಗಿದೆ. ಅವ್ನು ಪಕ್ಕದಲ್ಲೇ ನಿಂತಿದ್ದ. ಕನ್ನಡ ಮಾತಾಡೋಕೆ ತಡವರಿಸ್ತಾನೆ, ಆದ್ರೆ ಅರ್ಥ ಎಲ್ಲಾ ಆಗುತ್ತೆ. ವಾಪಸ್ ಬರೋವಾಗ ಕಾರಲ್ಲಿ, "ನೀನು ಅಲ್ಲಿಗೆ ಹೋಗಿದ್ದು ಹೇಳ್ತೀಯಾ, ನಾನು ಹೋಗೋದು ಯಾಕೆ ಹೇಳಲ್ಲ?" ಅಂದ. ಇವತ್ತಿಗೂ ಉತ್ರ ಇಲ್ಲ ನನ್ನ ಹತ್ರ.

ಅಷ್ಟಕ್ಕೇ ಬಿಟ್ನಾ? ಕಾಲೇಜಿಗೆ ಫೋನ್ ಮಾಡಿ ಅವನ ಮಾರ್ಕ್ಸ್ ಕೇಳಿದೆ. "ಹೇಳೋಕಾಗಲ್ಲ, ನಿಮ್ಮ ಮಗನ್ನೇ ಕೇಳಿ" ಅಂದ್ರು. ಕಾನೂನೇ ಹಂಗಂತೆ, ಕಾಲೇಜಿಗೆ ಸೇರಿದ ಮೇಲೆ ಮಾರ್ಕ್ಸ್ ಅವರ ಸ್ವಂತದ್ದು. ನಮ್ಮಪ್ಪ ನನ್ನ ರಿಸಲ್ಟನ್ನ ನೋಟಿಸ್ ಬೋರ್ಡಲ್ಲಿ ನನಗಿಂತ ಮುಂಚೆ ನೋಡಿ ಬೀದಿಗೆಲ್ಲ ಮೈಸೂರ್ ಪಾಕ್ ಹಂಚಿ ಬಂದಿದ್ರು. ಆ ಸುಖ ನಮಗಿಲ್ಲ ಬಿಡಿ.

ಮಕ್ಕಳಿರೋರು ಟ್ಯಾಗ್ (ಟ್ರಾನ್ಸ್‌ಫರ್ ಅಡ್ಮಿಷನ್ ಗ್ಯಾರಂಟಿ) ಅನ್ನೋದನ್ನ ಮರೀಬೇಡಿ. ಯುಸಿಯ ಆರು ಕ್ಯಾಂಪಸ್, ಅಂದ್ರೆ ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಸ್, ಇವುಗಳಲ್ಲಿ ಒಂದಕ್ಕೆ ಸೆಪ್ಟೆಂಬರಲ್ಲಿ ಟ್ಯಾಗ್ ಹಾಕಿ, ಅವ್ರು ಹೇಳಿದ ಕ್ಲಾಸು ಗ್ರೇಡು ಎರಡೂ ಉಳಿಸ್ಕೊಂಡ್ರೆ ಸೀಟು ಗ್ಯಾರಂಟಿ. ಬರ್ಕ್ಲಿ, ಯುಸಿಎಲ್‌ಎ, ಸ್ಯಾನ್ ಡಿಯಾಗೋ ಇದ್ರಲ್ಲಿಲ್ಲ, ಕಂಪ್ಯೂಟರ್ ಸೈನ್ಸೂ ಎಲ್ಲಾ ಕಡೆ ಸಿಗಲ್ಲ. ಯಾವ ಕ್ಲಾಸು ಎಲ್ಲಿ ಲೆಕ್ಕಕ್ಕೆ ಬರುತ್ತೆ ಅಂತ ಅಸಿಸ್ಟ್ ಡಾಟ್ ಆರ್ಗ್‌ನಲ್ಲಿ ನೋಡಿ, ಪಕ್ಕದ್ಮನೆಯವ್ರ ಮಾತು ಕೇಳಿ ಕ್ಲಾಸ್ ತಗೋಬೇಡಿ.

ಮುಂದಿನ ಪಾಟ್‌ಲಕ್ಕಲ್ಲಿ ಅದೇ ಪ್ರಶ್ನೆ ಬಂತು. ಈ ಸಲ ಕಾಲೇಜಿನ ಹೆಸರು ಗಟ್ಟಿಯಾಗೇ ಹೇಳಿದೆ, ಎರಡು ಸೆಕೆಂಡ್ ಎಲ್ರೂ ಬಿಸಿಬೇಳೆಬಾತ್ ನೋಡ್ತಾ ನಿಂತ್ರು. ಆಮೇಲೆ ಪಾತ್ರೆ ತೊಳೆಯೋವಾಗ, ಮಗಳಿಗೆ ಐವಿ ಲೀಗೇ ಅಂತ ಹೇಳ್ಕೊಂಡು ಓಡಾಡ್ತಿದ್ದೋರು ಸಿಂಕ್ ಹತ್ರ ಬಂದು ನಲ್ಲಿ ಜೋರಾಗಿ ಬಿಟ್ಕೊಂಡು ಪಿಸುಗುಟ್ಟಿದ್ರು, "ಅದು ಫಾರ್ಮ್ ಯಾವಾಗ ಓಪನ್ ಆಗುತ್ತೆ ರೀ?"