ಮ್ಯೂಸಿಯಮ್ಮಿಗೆ ಹೊಸ ಲೋಗೋ: ಮೊದಲು ಒತ್ತಕ್ಷರ ನೋಡಿಕೊಳ್ಳಿ

ಕಳೆದ ಮಳೆಗಾಲದಲ್ಲಿ ನಮ್ಮ ಕಡೆಯ ಒಂದು ಸಣ್ಣ ಮ್ಯೂಸಿಯಮ್ಮಿನ ಹೊಸ ಬೋರ್ಡು ನೋಡಲು ಹೋಗಿದ್ದೆ. ‘ವಸ್ತುಸಂಗ್ರಹಾಲಯ’ ಇರಬೇಕಾದಲ್ಲಿ ‘ವಸ್‌ತುಸಂಗ್‌ರಹಾಲಯ’ ಎಂದಿತ್ತು. ಒಂಬತ್ತು ಅಡಿ ಬೋರ್ಡು, ಮಾರಾಯ್ರೆ! ಡಿಸೈನ್ ಮಾಡಿದವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಓದಲು ಬರುವವರು ಅಚ್ಚಿಗೆ ಹೋಗುವ ಮೊದಲು ನೋಡಿರಲಿಲ್ಲ.

1. ಮ್ಯೂಸಿಯಮ್ಮಿನೊಳಗೆ ಎರಡು ದಿನ ಸುತ್ತಿ. ಲೋಗೋ ಎಲ್ಲೆಲ್ಲಿ ಬರಬೇಕು ಎಂದು ಪಟ್ಟಿ ಮಾಡಿ: ಬೋರ್ಡು, ಟಿಕೆಟ್, ಲೇಬಲ್, ಸೀಲು, ವಾಟ್ಸಾಪ್ ಡಿಪಿ. ಅಷ್ಟು ಸಾಕು.

2. ಒಂದೇ ಒಂದು ಚಿತ್ರ ಆರಿಸಿ. ಸಮಿತಿ ಸಭೆ ಕರೆದರೆ ಒಬ್ಬರಿಗೆ ಯಕ್ಷಗಾನದ ಕಿರೀಟ ಬೇಕು, ಇನ್ನೊಬ್ಬರಿಗೆ ಕಂಬಳದ ಕೋಣ, ಮತ್ತೊಬ್ಬರಿಗೆ ತೆಂಗಿನ ಮರ, ದೋಣಿ, ರಥ. ಎಲ್ಲ ತುಂಬಿಸಿದರೆ ಅದು ಲೋಗೋ ಅಲ್ಲ, ಜಾತ್ರೆಯ ಫ್ಲೆಕ್ಸು. ನಮ್ಮ ಮಂಗಳೂರಿನ ಬಿಜೈಯ ಶ್ರೀಮಂತಿಬಾಯಿ ಮ್ಯೂಸಿಯಮ್ಮಿನ ಕಟ್ಟಡ ಹಡಗಿನ ಆಕಾರದ್ದು. ಅಂಥದ್ದು ಕೈಯಲ್ಲಿರುವವರಿಗೆ ಕಿರೀಟ ಯಾಕೆ ಹೇಳಿ? ನನ್ನನ್ನು ಕೇಳಿದರೆ ಚಿತ್ರವೇ ಬೇಡ, ಅಕ್ಷರ ಸಾಕು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂದದ್ದು ಇಲ್ಲೇ, 1894ರಲ್ಲಿ ಕಿಟೆಲರ ನಿಘಂಟು ಅಚ್ಚಾದದ್ದೂ ಇಲ್ಲೇ ಅಲ್ವಾ.

3. ಈಗ ಅಕ್ಷರ. ಎಲ್ಲರೂ ಎಡವುವುದು ಇಲ್ಲಿ. ಇಂಗ್ಲಿಷ್ ಹೆಸರನ್ನು ಚೆಂದವಾಗಿ ಕೂರಿಸಿ, ಆಮೇಲೆ ಉಳಿದ ಜಾಗಕ್ಕೆ ಕನ್ನಡ ತುರುಕುತ್ತಾರೆ. ಉಲ್ಟಾ ಮಾಡಿ. ಕನ್ನಡ ಮೊದಲು. ಇಂಗ್ಲಿಷಿನ ದೊಡ್ಡಕ್ಷರಗಳು ಒಂದೇ ಎತ್ತರಕ್ಕೆ ಸಾಲಾಗಿ ನಿಲ್ಲುತ್ತವೆ, ನಮ್ಮವು ಹಾಗಲ್ಲ. ‘ಸ್ತು’ ನೋಡಿ: ಸಕಾರದ ಕೆಳಗೆ ತ ಒತ್ತು ನೇತಾಡುತ್ತದೆ, ಬಲಗಡೆ ಕೊಂಬು. ‘ಗ್ರ’ದಲ್ಲಿ ರ ಒತ್ತು ಕೆಳಗಿಳಿದು ಪಕ್ಕದ ಅಕ್ಷರದ ಜಾಗಕ್ಕೂ ಕೈ ಹಾಕುತ್ತದೆ. ಇದರಡಿ ಇಂಗ್ಲಿಷ್ ಸಾಲನ್ನು ಅಂಟಿಸಿಟ್ಟರೆ ಒತ್ತು ಅದರ ತಲೆಗೆ ಬಡಿಯುತ್ತದೆ, ಆಗ ಡಿಸೈನರ್ ಒತ್ತನ್ನೇ ಕುಗ್ಗಿಸುತ್ತಾನೆ. ಸಾಲುಗಳ ನಡುವೆ ಅಕ್ಷರದ ಅಳತೆಯ ಒಂದೂವರೆ ಪಟ್ಟು ಜಾಗ ಬಿಡಿ.

ಫಾಂಟಿಗೆ ದುಡ್ಡು ಸುರಿಯಬೇಕಿಲ್ಲ. ನೋಟೋ ಸ್ಯಾನ್ಸ್ ಕನ್ನಡ, ಅನೆಕ್ ಕನ್ನಡ, ಬಾಲೂ ತಮ್ಮ ಮೂರೂ ಉಚಿತ. ನನ್ನ ಓಟು ಅನೆಕ್‌ಗೆ, ಅದರಲ್ಲಿ ತೆಳು, ದಪ್ಪ, ಅಗಲ, ಇಕ್ಕಟ್ಟು ಎಲ್ಲ ಸಿಗುತ್ತದೆ. ಬಾಲೂ ಐಸ್‌ಕ್ರೀಮ್ ಅಂಗಡಿಗೆ ಒಳ್ಳೆಯದು. ತುಂಗಾ ಬೇಡವೇ ಬೇಡ, ಕಚೇರಿ ಸುತ್ತೋಲೆಯಂತೆ ಕಾಣುತ್ತದೆ. ಜಾಗ ಸಾಲದು ಎಂದು ಅಕ್ಷರವನ್ನು ಎಳೆಯಬೇಡಿ, ಒತ್ತಬೇಡಿ.

ಡಿಸೈನ್ ಸಾಫ್ಟ್‌ವೇರ್ ಇಲ್ಲಸ್ಟ್ರೇಟರ್ ಆದರೆ ‘ಇಂಡಿಕ್ ಆಪ್ಷನ್ಸ್’ ಆನ್ ಮಾಡಿ, ಇನ್‌ಡಿಸೈನ್ ಆದರೆ ‘ವರ್ಲ್ಡ್-ರೆಡಿ’ ಕಂಪೋಸರ್ (ಅಕ್ಷರ ಜೋಡಿಸುವ ಸೆಟ್ಟಿಂಗ್) ಆರಿಸಿ. ಇದನ್ನು ಮರೆತರೆ ಒತ್ತು ಬಿಚ್ಚಿಕೊಂಡು ಪಕ್ಕಕ್ಕೆ ಬರುತ್ತದೆ, ಆ ಒಂಬತ್ತು ಅಡಿ ಬೋರ್ಡಿನ ಹಾಗೆ. ಹಳೆಯ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿ ಚಿತ್ರವಾಗಿಸಿ ಅಂಟಿಸುವ ಅಡ್ಡದಾರಿ ಕೆಲವರಿಗೆ ಇಷ್ಟ. ಬೋರ್ಡಿಗೆ ನಡೆಯುತ್ತದೆ, ಆದರೆ ಅದೇ ಪಠ್ಯವನ್ನು ವೆಬ್‌ಸೈಟಿಗೆ ಹಾಕಿದ ಕೂಡಲೇ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗುತ್ತದೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಪ್ರೆಸ್ಸಿಗೆ ಕೊಡುವ ಮೊದಲು ಔಟ್‌ಲೈನ್ ಮಾಡಿ, ಅಂದರೆ ಅಕ್ಷರವನ್ನು ಬರೀ ಆಕಾರವಾಗಿಸಿ, ಆಮೇಲೆ ಕನ್ನಡ ಟೀಚರೊಬ್ಬರನ್ನು ಕೂರಿಸಿ ಒಂದೊಂದೇ ಅಕ್ಷರ ಗಟ್ಟಿಯಾಗಿ ಓದಿಸಿ. ಅವರಿಗೆ ಒಂದು ಬನ್ಸು, ಚಾ ಕೊಡಿಸಿದರೆ ಖರ್ಚು ಮುಗಿಯಿತು.

ಹೆಸರು ಉದ್ದ ಎಂದು ಎರಡು ಸಾಲಿಗೆ ಒಡೆಯುವವರಿಗೆ ಇನ್ನೊಂದು ಮಾತು. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ 2013ರಲ್ಲಿ ಮತ್ತೆ ಬಾಗಿಲು ತೆರೆದಾಗ ಹೊಸ ಲೋಗೋದಲ್ಲಿ ‘ರೈಕ್ಸ್’ ಮತ್ತು ‘ಮ್ಯೂಸಿಯಂ’ ನಡುವೆ ಜಾಗ ಬಿಟ್ಟಿತ್ತು. ಡಚ್ಚಿನಲ್ಲಿ ಅದು ಒಂದೇ ಪದ, ಹಾಗಾಗಿ ಜನ ಗೊಣಗಿದರು. ನಾವು ಅಷ್ಟು ಕಟ್ಟುನಿಟ್ಟಲ್ಲ. ‘ವಸ್ತು’ ಆದ ಮೇಲೆ ಒಡೆಯಿರಿ, ಅಡ್ಡಿಯಿಲ್ಲ. ‘ವಸ್ತುಸಂಗ್ರ’ ಎಂದು ನಿಲ್ಲಿಸಿ ಕೆಳಗೆ ‘ಹಾಲಯ’ ಹಾಕಿದರೆ ಜನ ಹಾಲಿನ ಡೇರಿ ಎಂದುಕೊಂಡಾರು.

4. ಸೀಲು ಮಾಡಿಸಿ. ಎರಡೂವರೆ ಸೆಂಟಿಮೀಟರಿನ ರಬ್ಬರ್ ಸ್ಟಾಂಪು. ಇಪ್ಪತ್ತು ಸಲ ಒತ್ತಿ ನೋಡಿ. ಒತ್ತಕ್ಷರದ ಸಂದಿಗೆ ಇಂಕು ತುಂಬಿ ಕಪ್ಪು ಚುಕ್ಕೆಯಾದರೆ ಅಕ್ಷರ ತೆಳು ಮಾಡಿ, ಸಂದಿ ಹೆಚ್ಚಿಸಿ.

5. ಬಣ್ಣ ಎರಡು, ಜೊತೆಗೆ ಕಪ್ಪು. ಹಂಚಿನ ಕೆಂಪು ಬೇಕೆಂದರೆ ಕಾಗದದ ಮೇಲೆ ಅಚ್ಚು ಹಾಕಿಸಿಯೇ ಒಪ್ಪಿ. ಮೊಬೈಲಿನಲ್ಲಿ ಹೊಳೆಯುವ ಕೆಂಪು ಕಾಗದದಲ್ಲಿ ಮಂಕಾಗುತ್ತದೆ.

6. ಬೋರ್ಡಿಗೆ ಫ್ಲೆಕ್ಸ್ ಬೇಡ. ವರ್ಷಕ್ಕೆ 3,500 ಮಿ.ಮೀ.ಗಿಂತ ಜಾಸ್ತಿ ಮಳೆ ಸುರಿಯುವ ಊರು ಇದು, ಸಾಲದ್ದಕ್ಕೆ ಉಪ್ಪುಗಾಳಿ. ಸ್ಟಿಕ್ಕರ್ ಮೂಲೆಯಿಂದ ಏಳುತ್ತದೆ, ಕಬ್ಬಿಣ ತುಕ್ಕು ಹಿಡಿದು ಗೋಡೆಗೆ ಕೆಂಪು ನೀರು ಇಳಿಯುತ್ತದೆ. 316 ಗ್ರೇಡಿನ ಸ್ಟೀಲ್ ಅಕ್ಷರ ಹಾಕಿಸಿ. ಅಂಗಡಿಯವರು 304 ಸಾಕು ಎನ್ನುತ್ತಾರೆ, ಕಡಲ ಹತ್ತಿರ ಸಾಲದು. ಗೋಡೆಗೂ ಅಕ್ಷರಕ್ಕೂ ಬೆರಳು ತೂರುವಷ್ಟು ಸಂದಿ ಇರಲಿ, ನೀರು ಇಳಿದು ಹೋಗುತ್ತದೆ.

7. ಮೂಲ ಫೈಲುಗಳನ್ನು ಪೆನ್‌ಡ್ರೈವ್‌ನಲ್ಲಿ ಕೇಳಿ ಇಸ್ಕೊಳ್ಳಿ, ಬಿಲ್ಲಿನ ಕೊನೇ ಕಂತು ಕೊಡುವ ಮೊದಲೇ. ಆಮೇಲೆ ಡಿಸೈನರ್ ಫೋನ್ ಎತ್ತುವುದಿಲ್ಲ.